ಶೆಡ್ಡಿನ ಹೊರಗೊಂದು ಟಯರು

ಕಲಿಯುವುದೆಂದರೆ ನೋಡುವುದು ಎಂಬುದು ಬಂಟ್ವಾಳ ಪೇಟೆಯ ಅಬ್ದುಲ್ ಸಮದ್ ಸಾಹುಕಾರರ ದೃಢವಾದ ನಂಬಿಕೆ. ಒಂದು ಮಧ್ಯಾಹ್ನ ದರ್ಜಿಯ ಅಂಗಡಿಯಲ್ಲಿ ಕುಳಿತು ಬಂದವರು ಮರುದಿನ ತಮ್ಮ ಅಂಗಿಯ ಬಟ್ಟೆಯನ್ನು ತಾವೇ ಕತ್ತರಿಸಿದ್ದರು. ಮನೆಯ ಗೋಡೆ ಗಡಿಯಾರವನ್ನು ಬಿಚ್ಚಿ ಜೋಡಿಸಿದವರೂ ಅವರೇ. ಅದು ಆಮೇಲೂ ಗಂಟೆ ಬಾರಿಸುತ್ತಿತ್ತು. ಎಷ್ಟು ಗಂಟೆ ಎಂಬುದನ್ನು ಮಾತ್ರ ಕೇಳಿದವರು ಆಕಾಶ ನೋಡಿ ತೀರ್ಮಾನಿಸಿಕೊಳ್ಳಬೇಕಿತ್ತು. ಅವರು ಅಡುಗೆಮನೆಗೆ ಇಣುಕಿದರೆ ಹೆಂಡತಿ ಬೀಫಾತಿಮಾ ಬಾಗಿಲು ಮುಂದೆ ಮಾಡುತ್ತಿದ್ದರು. "ನೋಡಬೇಡಿ," ಎನ್ನುತ್ತಿದ್ದರು, "ನೋಡಿದರೆ ನಿಮಗೆ ಬಂದುಬಿಡ್ತದೆ."

ಸಾಹುಕಾರರದ್ದು ಸೀಗೆ, ಅಂಟುವಾಳ, ಕಾಳುಮೆಣಸಿನ ವ್ಯಾಪಾರ. ವಾರಕ್ಕೊಮ್ಮೆ ಹಳೆಯ ಆಸ್ಟಿನ್ ಕಾರಿನಲ್ಲಿ ಉಪ್ಪಿನಂಗಡಿ ಸಂತೆಗೆ ಹೋಗುವರು. ಬರುವಾಗ ದಾರಿಯ ಮಾಣಿ ಎಂಬ ಊರಿನಲ್ಲಿ ಹುಕ್ರಪ್ಪನ ಗ್ಯಾರೇಜಿನ ಮುಂದೆ ಕಾರು ತಾನಾಗಿ ನಿಲ್ಲುತ್ತಿತ್ತು. ಗ್ಯಾರೇಜೆಂದರೆ ನಾಲ್ಕು ಕಂಬ, ಮೇಲೆ ತಗಡು. ಒಳಗೆ ಅಡ್ಡ ಮಲಗಿಸಿದ ಒಂದು ಲಾರಿ ಟಯರು. ಸಾಹುಕಾರರು ಅದರ ಮೇಲೆ ಕುಳಿತು, ಪಕ್ಕದ ಡೊಂಬಯ್ಯನ ಹೋಟೆಲಿನ ಚಾ ಕುಡಿಯುತ್ತ ಪೇಪರನ್ನು ಗಟ್ಟಿಯಾಗಿ ಓದುವರು. ಯಾವುದೋ ಲಾರಿಯ ಅಡಿಯಲ್ಲಿ ಮಲಗಿದ ಹುಕ್ರಪ್ಪ ಅಲ್ಲಿಂದಲೇ ದೆಹಲಿಯ ಸರಕಾರಕ್ಕೂ ಸಾಹುಕಾರರಿಗೂ ಒಟ್ಟಿಗೆ ಉತ್ತರ ಕೊಡುವನು. ಮನೆಯಲ್ಲಿ ಸಾಹುಕಾರರ ಮಾತಿಗೆ ಮುಂದೆ ಮಾಡಿದ ಬಾಗಿಲಿತ್ತು, ಅಂಗಡಿಯಲ್ಲಿ ತಲೆಯಾಡಿಸುವ ಗಿರಾಕಿಗಳಿದ್ದರು. ಎದುರು ಮಾತಾಡುವ ಒಬ್ಬ ಮನುಷ್ಯ ಇದ್ದದ್ದು ಆ ಲಾರಿಯ ಅಡಿಯಲ್ಲಿ. ಆ ಹೊತ್ತು ತಪ್ಪಿದ ವಾರ ಅವರಿಗೆ ಉಪ್ಪಿಲ್ಲದ ಗಂಜಿಯಂತೆ.

ನಯೇ ಪೈಸೆ ಬಂದು ಕೆಲವು ವರ್ಷಗಳಾಗಿದ್ದ ಕಾಲ. ಒಂದು ಸಂಜೆ ಹುಕ್ರಪ್ಪ ಕಾರಿನ ಬಾನೆಟ್ ಎತ್ತಿ ನೋಡಿ, "ಫ್ಯಾನ್ ಬೆಲ್ಟು ಬಿರುಕು ಬಿಟ್ಟಿದೆ ಸಾಹುಕಾರ್ರೇ. ಮುಂದಿನ ವಾರ ಬದಲಿಸುವ," ಎಂದ.

"ನಿನ್ನ ಮುಂದಿನ ವಾರ ನನಗೆ ಗೊತ್ತುಂಟು ಮಾರಾಯ. ಇಷ್ಟು ವರ್ಷ ನೋಡಿದ್ದೇನೆ. ನಾನೇ ಹಾಕ್ತೇನೆ."

"ನೋಡಿ ಬರುವುದಾದರೆ ನನ್ನ ಹೆಂಡತಿ ಯಾವಾಗಲೋ ಲಾರಿ ಬಿಡ್ತಿದ್ದಳು."

ಹೋಟೆಲಿನಲ್ಲಿದ್ದವರೆಲ್ಲ ನಕ್ಕರು. ಮಾತನ್ನು ಸಾಹುಕಾರರು ಸಹಿಸುತ್ತಿದ್ದರು, ನಗು ನಾಟಿತು. ಪೇಪರು ಮಡಚಿ ಎದ್ದು ನಿಂತು, "ಇನ್ನು ಈ ಶೆಡ್ಡಿನೊಳಗೆ ಕಾಲಿಟ್ಟರೆ ನನ್ನ ಹೆಸರು ಸಮದ್ ಅಲ್ಲ," ಎಂದರು.

"ಒಳ್ಳೆಯ ಹೆಸರೊಂದು ಹುಡುಕಿ ಇಟ್ಟುಕೊಳ್ಳಿ," ಎಂದ ಹುಕ್ರಪ್ಪ. ಮರುದಿನ ಬೆಳಗ್ಗೆ ಇಬ್ಬರಿಗೂ ತಮ್ಮ ಮಾತು ಸ್ವಲ್ಪ ಹೆಚ್ಚಾಯಿತೆಂದು ಅನಿಸಿರಬೇಕು. ಆದರೆ ಶಪಥ ಮಾಡುವುದು ಸುಲಭ. ಸಾಕ್ಷಿಗೆ ಚಾ ಕುಡಿಯುವವರು ಇದ್ದರೆ ಮುರಿಯುವುದು ಕಷ್ಟ.

ಸಾಹುಕಾರರು ಮನೆಯಂಗಳದಲ್ಲಿ ಬೆಲ್ಟು ಬದಲಿಸಿದರು. ಬೆಲ್ಟು ಇಂಜಿನಿನ ಚಕ್ರದಿಂದ ಫ್ಯಾನಿಗೂ ಡೈನಮೋಗೂ ಸುತ್ತಿ ಬರುತ್ತದೆ. ಡೈನಮೋದ ಬೋಲ್ಟು ಸಡಿಲಿಸಿ, ಅದನ್ನು ಒಳಕ್ಕೆ ಬಾಗಿಸಿ ಬೆಲ್ಟು ಏರಿಸಿದರೆ ಕೆಲಸ ಮುಗಿಯಿತು. ಸಾಹುಕಾರರು ಡೈನಮೋವನ್ನೇ ಬಿಚ್ಚಿ ಚಾಪೆಯ ಮೇಲೆ ಮಲಗಿಸಿದರು. ಅರ್ಧ ಕೆಲಸ ಅವರಿಗೆ ಒಗ್ಗದು. ಎಲ್ಲವನ್ನೂ ಒರೆಸಿ, ಮತ್ತೆ ಕೂರಿಸಿ, ಬೆಲ್ಟು ಎಳೆದು ಬಿಗಿದರು. ಚಾಪೆಯ ಮೇಲೆ ಒಂದು ತುಂಡೂ ಉಳಿಯಲಿಲ್ಲ. "ಗಡಿಯಾರದ ಹಾಗಲ್ಲ," ಎಂದು ಹೆಂಡತಿಗೆ ತೋರಿಸಿದರು.

ಕಾರು ಹೊರಟಿತು. ಜೊತೆಗೆ ಕಿರುಚಾಟವೂ ಹೊರಟಿತು. ಹಂದಿಯ ಬಾಲ ಬಾಗಿಲಿಗೆ ಸಿಕ್ಕಿದಂಥ ಸದ್ದು. ಏರು ಬಂದರೆ ಇನ್ನೂ ತಾರಕ. ನೇತ್ರಾವತಿಯ ಸೇತುವೆಯ ಮೇಲೆ ಎತ್ತುಗಳು ಬೆದರಿದವು. "ಸಾಹುಕಾರ್ರು ಹಾರ್ನು ಮಾರಿಬಿಡಬಹುದು," ಎಂದಿತು ಪೇಟೆ.

ಮಾಣಿಯಲ್ಲಿ ಕಾರು ನಿಲ್ಲಲಿಲ್ಲ. ಕೀರುತ್ತ ದಾಟಿತು. ಹುಕ್ರಪ್ಪ ಹೋಟೆಲಿನಲ್ಲಿ ಎಲ್ಲರಿಗೂ ಕೇಳುವಂತೆ, "ಬೆಲ್ಟು ಸಡಿಲ. ಇದಕ್ಕೆ ಕಣ್ಣು ಬೇಡ, ಕಿವಿ ಸಾಕು," ಎಂದ. ಆ ಮಾತು ಬಸ್ಸು ಹತ್ತಿ ಬಂಟ್ವಾಳಕ್ಕೆ ಬಂತು. ಸಾಹುಕಾರರು ಯಾರಿಗೂ ಹೇಳದೆ ಬೆಲ್ಟನ್ನು ಇನ್ನಷ್ಟು ಬಿಗಿದರು. ಸದ್ದು ದುಪ್ಪಟ್ಟಾಯಿತು. ಹೇಗೋ ಆ ಸುದ್ದಿಯೂ ಬಸ್ಸು ಹತ್ತಿ ಮಾಣಿಗೆ ಹೋಗಿ, ಹುಕ್ರಪ್ಪನ ಕಿವಿಯ ಮಾನ ಹೋಯಿತು. ಆತ ಹೋಟೆಲಿಗೆ ಹೋಗುವುದನ್ನು ಕಡಿಮೆ ಮಾಡಿದ. ಸಾಹುಕಾರರು ಬೆಲ್ಟಿಗೆ ಸಾಬೂನು ಉಜ್ಜಿದರು. ಆಮೇಲೆ, ಬಾಗಿಲ ತಿರುಗಣಿಗೆ ಹಾಕುವಂತೆ, ತೆಂಗಿನೆಣ್ಣೆ ಸವರಿದರು. ಒಂದು ಮೈಲು ಸ್ವರ್ಗದ ಮೌನ. ನಂತರ ಬೆಲ್ಟು ಜಾರಿ, ಫ್ಯಾನು ತಿರುಗದೆ, ನೀರು ಕುದಿಯಿತು.

ಪ್ರತಿ ವಾರ ಮಾಣಿಯ ತಿರುವಿನಲ್ಲಿ ಆ ಕೂಗು ಕೇಳಿದಾಗ ಹುಕ್ರಪ್ಪ ಸ್ಪ್ಯಾನರು ಕೆಳಗಿಡುತ್ತಿದ್ದ. ಕಾರು ದಾಟಿದ ಮೇಲೆ ಮತ್ತೆ ಎತ್ತಿಕೊಳ್ಳುತ್ತಿದ್ದ. ಟಯರಿನ ಮೇಲೆ ಬೇರೆ ಯಾರಾದರೂ ಕುಳಿತರೆ, "ಅಲ್ಲಿ ಗ್ರೀಸು ಉಂಟು," ಎಂದು ಎಬ್ಬಿಸುತ್ತಿದ್ದ.

ಒಂದು ಸಂತೆಯ ದಿನ ಸಂಜೆ ಕೂಗು ಕೇಳಲಿಲ್ಲ. ಹೊತ್ತು ಇಳಿಯಿತು. ಡೊಂಬಯ್ಯ, "ಸಾಹುಕಾರ್ರು ರಿಪೇರಿ ಮಾಡಿಸಿದರೋ ಏನೋ," ಎಂದ. ಬೇರೆ ಕೈ ಆ ಬಾನೆಟ್ಟಿನೊಳಗೆ ಹೋಯಿತೇ ಎಂಬ ಯೋಚನೆಗೆ ಹುಕ್ರಪ್ಪನಿಗೆ ಕೂರಲಾಗಲಿಲ್ಲ. ಚೀಲ ಹೆಗಲಿಗೆ ಹಾಕಿ ಉಪ್ಪಿನಂಗಡಿಯ ಕಡೆ ನಡೆದ. ಎರಡನೆಯ ತಿರುವಿನಲ್ಲಿ ಕಾರು ಹಬೆಯಾಡುತ್ತ ನಿಂತಿತ್ತು. ಸಾಹುಕಾರರು ಮೈಲುಗಲ್ಲಿನ ಮೇಲೆ ಕುಳಿತು ಯಾರಿಗೂ ಅಲ್ಲದೆ ಪೇಪರು ಓದುತ್ತಿದ್ದರು.

"ಎಂತ ಹುಕ್ರಪ್ಪ, ಈ ಕಡೆ?"

"ಗಾಳಿಗೆ ಬಂದೆ. ನೀವು?"

"ನಾನೂ ಗಾಳಿಗೇ."

ಬೆಲ್ಟು ಚಕ್ರದಿಂದ ಹಾರಿ ಕೆಳಗೆ ಜೋತಿತ್ತು. ಹುಕ್ರಪ್ಪ ಬಗ್ಗಿ ನೋಡಿದ. ಡೈನಮೋ ಕೂದಲೆಳೆಯಷ್ಟು ವಾರೆಯಾಗಿತ್ತು. ಬೆಲ್ಟು ಓರೆಯಾಗಿ ಓಡುತ್ತಿತ್ತು. ಬೋಲ್ಟಿನ ಬಳಿ ಬೆರಳಾಡಿಸಿ ಕೇಳಿದ: "ಇಲ್ಲೊಂದು ವಾಷರು ಇತ್ತು. ಎಲ್ಲಿ?"

"ವಾಷರು ಗೀಷರು ಇರಲಿಲ್ಲ. ಒಂದು ಒಟ್ಟೆ ಮುಕ್ಕಾಲು ಬಿತ್ತು, ಅಷ್ಟೇ."

ಒಟ್ಟೆ ಮುಕ್ಕಾಲೆಂದರೆ ನಡುವೆ ತೂತಿದ್ದ ಬ್ರಿಟಿಷರ ಕಾಲದ ಕಾಸು. ಹುಕ್ರಪ್ಪ ಬೋಲ್ಟನ್ನು ಒರೆಸತೊಡಗಿದ. ಸಾಹುಕಾರರಿಗೆ ನಿಧಾನವಾಗಿ ಹೊಳೆಯಿತು.

"ಅದನ್ನು ಇಟ್ಟವ ನೀನಾ?"

"ಆವತ್ತು ಅಳತೆಯ ವಾಷರು ಸಿಗಲಿಲ್ಲ. ಕಾಸು ಸರಿಯಾಗಿ ಕೂತಿತು."

"ಇಂಜಿನಿನೊಳಗೆ ಕಾಸು ಇಡುವವ ಈ ಜಿಲ್ಲೆಯಲ್ಲಿ ನೀನೊಬ್ಬನೇ!"

"ಕಾಸು ಕಂಡರೆ ಎಲ್ಲಿಂದ ಬಿತ್ತು ಅಂತ ನೋಡದೆ ಕಿಸೆಗೆ ಹಾಕುವವರು ನೀವೊಬ್ಬರೇ!"

ಇಬ್ಬರೂ ಹೇಳಿದ್ದು ನಿಜವಾಗಿತ್ತು.

"ಅದು ಈಗ ಮೊಮ್ಮಗಳು ಸೈನಬಳ ಕೊರಳಲ್ಲಿ ಉಂಟು, ಕಪ್ಪು ನೂಲಿನಲ್ಲಿ," ಎಂದರು ಸಾಹುಕಾರರು. "ಕೇಳಿದರೆ ಕೊಡುವ ಜನ ಅಲ್ಲ ಅವಳು."

"ಬೇಡ. ಶೆಡ್ಡಿನಲ್ಲಿ ಈಗ ಅಳತೆಯ ವಾಷರು ಉಂಟು. ಹೋಗುವ."

ಸಾಹುಕಾರರು ಕದಲಲಿಲ್ಲ. "ಒಳಗೆ ಬರುವುದಿಲ್ಲ ಅಂತ ಹೇಳಿದ್ದೇನಲ್ಲ ಮಾರಾಯ."

ಹುಕ್ರಪ್ಪ ಬೆಲ್ಟನ್ನು ಒರೆಸಿ ಏರಿಸುತ್ತ, "ಕಾರು ಹೇಳಿಲ್ಲವಲ್ಲ," ಎಂದ.

ಇಂಜಿನು ತಣಿದ ಮೇಲೆ ಕೀರುತ್ತ ಮಾಣಿಗೆ ಬಂದರು. ಕಾರು ಒಳಗೆ ಹೋಯಿತು. ಹುಕ್ರಪ್ಪ ಲಾರಿ ಟಯರನ್ನು ಉರುಳಿಸಿ ತಂದು ತಗಡಿನ ಅಂಚಿನಿಂದ ಒಂದು ಮೊಳ ಆಚೆ ಮಲಗಿಸಿದ. ಸಾಹುಕಾರರು ಅಳೆದು ನೋಡಿ ಕುಳಿತರು. ಡೊಂಬಯ್ಯ ಕೇಳದೆಯೇ ಚಾ ತಂದ. ಚಾ ಮುಗಿಯುವಷ್ಟರಲ್ಲಿ ವಾಷರು ಕೂತು ಕೂಗು ನಿಂತಿತ್ತು.

ಬೇಸಿಗೆ ಹಾಗೆ ಕಳೆಯಿತು: ಒಬ್ಬರು ಹೊರಗೆ ಓದುವುದು, ಒಬ್ಬ ಒಳಗಿನಿಂದ ಜಗಳಾಡುವುದು. ಜೂನ್ ಬಂತು. ಮೊದಲ ಮಳೆಗೆ ಸಾಹುಕಾರರು ಕೊಡೆ ಬಿಡಿಸಿಕೊಂಡು ಟಯರಿನ ಮೇಲೆ ಕುಳಿತು ಓದಿದರು. ಪೇಪರು ನೆನೆದು ಸುದ್ದಿ ಅರ್ಧಕ್ಕೆ ನಿಂತಿತು. ಮರುವಾರ ಅವರು ಬಂದಾಗ ಶೆಡ್ಡಿನ ಮಾಡಿಗೆ ಹೊಸ ತಗಡು ಜೋಡಿಸಿತ್ತು. ಅದು ಟಯರಿನ ಆಚೆಗೂ ಚಾಚಿತ್ತು.

ಸಾಹುಕಾರರು ತಲೆಯೆತ್ತಿ ತಗಡನ್ನು ನೋಡಿದರು. ಹುಕ್ರಪ್ಪ ಲಾರಿಯ ಅಡಿಗೆ ಜಾರಿದ. ಈಗ ಆ ಟಯರು ಶೆಡ್ಡಿನ ಒಳಗೋ ಹೊರಗೋ ಎಂಬ ಪ್ರಶ್ನೆಯನ್ನು ಡೊಂಬಯ್ಯ ಎತ್ತುವುದರಲ್ಲಿದ್ದ. ಸಾಹುಕಾರರು ಅವಸರದಿಂದ ಪೇಪರು ಬಿಡಿಸಿ, ಎಂದಿಗಿಂತ ಗಟ್ಟಿಯಾಗಿ ಓದತೊಡಗಿದರು.