ವಿಮಾನದ ಮುಂಗಾಜಿಗೆ ಕುಂಕುಮ ಇಟ್ಟದ್ದು

ನಮ್ಮ ಮನೆಯ ಬಾವಿ ನೀರು ವಿಮಾನ ತೊಳೆದಿದೆ. ಈ ಮಾತನ್ನು ಶೆಟಗೇರಿಯಲ್ಲಿ ನಾನು ಹೇಳದ ಮನೆ ಉಳಿದಿಲ್ಲ. ಅಂಕೋಲೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರಿಗೂ ಹೇಳಿದ್ದೇನೆ. ಕೇಳದವರು ಇನ್ನೂ ಇದ್ದಾರು ಅಂತ ಈಗ ಬರೆದೂ ಬಿಡುತ್ತೇನೆ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಆ ಸಲ ಮಳೆ ಮುಗಿದದ್ದೇ ನಮ್ಮ ಕಡೆಯ ಸಮುದ್ರದ ಬದಿಯ ಗಟ್ಟಿ ಬಯಲಿಗೆ ಒಂದು ಚಿಕ್ಕ ವಿಮಾನ ಬಂತು. ಇಬ್ಬರು ಕೂರುವಷ್ಟೇ ಜಾಗ. ಪ್ರವಾಸಕ್ಕೆ ಬಂದವರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು ಕಾರವಾರದ ತನಕ ಹಾರಿಸಿ ತರುತ್ತಿದ್ದರು. ಯಜಮಾನರು ತಾವೇ ಹಾರಿಸುತ್ತಿದ್ದರು. ರಿಪೇರಿಗೆ ಬೆಳಗಾವಿ ಕಡೆಯ ಒಬ್ಬ ವಯಸ್ಸಾದ ಮೇಸ್ತ್ರಿ. ದಿನವೂ ತೊಳೆದು, ಒರೆಸಿ, ಹೊದೆಸಿ ನೋಡಿಕೊಳ್ಳುವವಳು ನನ್ನ ಮೊಮ್ಮಗಳು. ಐಟಿಐ ಮುಗಿಸಿದ ವರ್ಷವೇ ಸಿಕ್ಕ ಕೆಲಸ.

ಆದರೆ ಸಿಕ್ಕಿತು ಅನ್ನುವಂತಿರಲಿಲ್ಲ. ಒಂದು ತಿಂಗಳು ನೋಡುತ್ತೇವೆ, ಆಮೇಲೆ ಖಾಯಂ ಅಂದಿದ್ದರು. ವಿಮಾನ ಇಲ್ಲಿಗೆ ಬರುವ ಮೊದಲು ಈ ಕೆಲಸಕ್ಕಿದ್ದವನು ಮುಂಗಾಜನ್ನು ಒಣ ಪೇಪರಿನಿಂದ ತಿಕ್ಕಿ ತಿಕ್ಕಿ ಮಂಜು ಕವಿದ ಹಾಗೆ ಮಾಡಿಟ್ಟಿದ್ದನಂತೆ. ಇಡೀ ಗಾಜನ್ನೇ ಬದಲಿಸಬೇಕಾಯಿತು, ಅವನು ಮನೆಗೆ ಹೋದ. ಮೊಮ್ಮಗಳಿಗೂ ಮೊದಲ ದಿನವೇ ಹೇಳಿದ್ದರು, ಒಂದು ಗೀರು ಕಂಡರೂ ನೀನು ಮನೆಗೆ.

ಅವಳು ನನ್ನನ್ನು ಆಯಿ ಅಂತ ಕರೆಯುವುದು. ದಿನಾ ಸಂಜೆ ಕಲಿತದ್ದನ್ನೆಲ್ಲ ಅಡಿಗೆ ಮನೆಯಲ್ಲಿ ನನಗೆ ಒಪ್ಪಿಸುತ್ತಿದ್ದಳು.

"ಅದು ಗಾಜೇ ಅಲ್ಲ ಆಯಿ. ಅಕ್ರಿಲಿಕ್. ಒಂಥರಾ ಪ್ಲಾಸ್ಟಿಕ್. ಒಣ ಬಟ್ಟೆ ತಾಗಿಸೂಕಿಲ್ಲ. ಧೂಳಿನ ಮೇಲೆ ಬಟ್ಟೆ ಎಳೆದ್ರೆ ಗೀರೇ."

"ಗೀರಿದ್ರೆ ಎಂತಾಗ್ತದೆ? ನನ್ನ ಕನ್ನಡಕದಲ್ಲಿ ಎಷ್ಟಿಲ್ಲ."

"ನೀನು ಕನ್ನಡಕ ಹಾಕ್ಕೊಂಡು ಹಾರೂದಿಲ್ಲಲ್ಲಾ. ಸಂಜೆ ಸೂರ್ಯ ಎದುರಿಗೆ ಬಂದ್ರೆ ಒಂದೊಂದು ಗೀರೂ ಹೊಳೀತದೆ, ಜೇಡನ ಬಲೆ ಹಾಗೆ. ಹಾರಿಸುವವ್ರಿಗೆ ಎದುರಿನದ್ದು ಕಾಣೂದಿಲ್ಲ."

ಬಯಲಿನ ಬೋರ್‌ವೆಲ್ ನೀರು ಉಪ್ಪು. ಅದರಲ್ಲಿ ತೊಳೆದರೆ ಒಣಗಿದ ಮೇಲೆ ಉಪ್ಪಿನ ಹರಳು ಉಳಿದು ಅದೇ ಗೀರುತ್ತದೆ. ಅದಕ್ಕೆ ದಿನಾ ಬೆಳಿಗ್ಗೆ ನಮ್ಮ ಬಾವಿಯ ಸಿಹಿ ನೀರು ಎರಡು ಕ್ಯಾನ್ ರಿಕ್ಷಾದಲ್ಲಿ ಹೋಗುತ್ತಿತ್ತು. "ವಿಮಾನಕ್ಕೂ ನಮ್ಮನೆ ನೀರೇ ರುಚಿಯಾ?" ಅಂತ ನಮ್ಮನೆಯವರ ಕುಶಾಲು. ಹೊದಿಕೆಗೆ ನನ್ನ ಹಳೆಯ ನೂಲಿನ ಸೀರೆ ಕೊಟ್ಟೆ. ಒಗೆದು ಒಗೆದು ಬೆಣ್ಣೆಯಾದ ಸೀರೆ. ಅವಳು ಅದರ ಅಂಚನ್ನು ಕತ್ತರಿಸಿ ತೆಗೆದಳು, ಜರಿ ಇದೆ, ತಾಗ್ತದೆ ಅಂತ.

ಇಷ್ಟೆಲ್ಲ ಕೇಳಿಸಿಕೊಂಡವಳೇ ನಾನು. ಆದರೂ ಮಾಡಿದ್ದು ನೋಡಿ.

ತಿಂಗಳು ಮುಗಿಯುವ ದಿನವೇ ಆಯುಧಪೂಜೆ ಬಂತು. ನಮ್ಮಲ್ಲಿ ಆ ದಿನ ಕತ್ತಿ, ನೇಗಿಲು, ಹೊಲಿಗೆ ಮಷಿನು, ಸೈಕಲ್ಲು, ಎಲ್ಲಕ್ಕೂ ಕುಂಕುಮ. ಮನೆಯ ಹುಡುಗಿ ವಿಮಾನ ನೋಡಿಕೊಳ್ಳುವಾಗ ಅದನ್ನು ಬರಿ ಹಣೆಯಲ್ಲಿ ಬಿಡುವುದುಂಟೇ? ಬೆಳಗಾಗುವ ಮೊದಲೇ ಗಂಧ ತೇಯ್ದೆ. ಗೊಂಡೆ ಹೂವಿನ ಮಾಲೆ, ಅಕ್ಷತೆ, ಕಾಯಿ ಎಲ್ಲ ಬುಟ್ಟಿಯಲ್ಲಿಟ್ಟುಕೊಂಡು ಅವಳ ಜೊತೆ ರಿಕ್ಷಾ ಹತ್ತಿದೆ. ಅವಳು ನೀರಿನ ಕ್ಯಾನ್ ಇಳಿಸಿ, ಸೀರೆ ಹೊದಿಕೆ ತೆಗೆದು ಮಡಚಿ, ಮೇಸ್ತ್ರಿಯನ್ನು ಕರೆಯಲು ಶೆಡ್ಡಿಗೆ ಹೋದಳು.

ಅಷ್ಟರಲ್ಲಿ ನಾನು ಸ್ಟೂಲು ಹತ್ತಿದೆ. ರಿಕ್ಷಾದವರು ಎಲ್ಲಿ ಇಡುತ್ತಾರೆ? ಮುಂದಿನ ಗಾಜಿಗೆ. ನಾನೂ ಅಲ್ಲಿಯೇ ಮೂರು ಬೆರಳಲ್ಲಿ ಗಂಧ ಎಳೆದೆ, ನಡುವೆ ಕಾಸಗಲ ಕುಂಕುಮ, ಎರಡೂ ಬದಿಗೆ ಸ್ವಸ್ತಿಕ, ಮೇಲಿಂದ ಅಕ್ಷತೆ. ಬಹಳ ಚಂದ ಕಂಡಿತು. ಇಳಿದು ದೂರ ನಿಂತು ಕೈ ಮುಗಿದೆ.

ಮೊಮ್ಮಗಳು ಬಂದು ನೋಡಿದಳು. ಅವಳ ತುಟಿ ಬಿಳುಚಿತು. ಆಗ ನನಗೆ ತಿಂಗಳಿಡೀ ಕೇಳಿದ್ದೆಲ್ಲ ಒಟ್ಟಿಗೆ ನೆನಪಾಯಿತು. ಗಂಧ ತೇಯ್ದದ್ದು ಕಲ್ಲಿನ ಮೇಲೆ. ಕಲ್ಲಿನ ಪುಡಿ ಬರದೇ ಇರುತ್ತದೆಯೇ? ಬಿಸಿಲಿಗೆ ಅದಾಗಲೇ ಒಣಗುತ್ತಿತ್ತು.

"ಸಂಜೆ ಯಜಮಾನ್ರು ಗಾಜು ನೋಡೂಕೆ ಬರ್ತಾರೆ ಆಯಿ," ಅಂದಳು, ಅಷ್ಟೇ.

ಅಲ್ಲೊಂದು ಪೆಟ್ರೋಲ್ ಡಬ್ಬಿ ಕಂಡಿತು. "ಅದ್ರಲ್ಲಿ ಒರೆಸ್ಲಾ?" ಅಂದೆ. ಹಿಂದಿನಿಂದ ಬಂದ ಮೇಸ್ತ್ರಿ ತಲೆಗೆ ಕೈ ಇಟ್ಟುಕೊಂಡರು.

"ಬಾಯಿ, ನೀವು ಇಷ್ಟೊತ್ತು ಮಾಡಿದ್ದೇ ಸಾಕು. ಪೆಟ್ರೋಲ್ ತಾಗಿದ್ರೆ ಒಳಗೊಳಗೇ ಸಣ್ಣ ಸಣ್ಣ ಬಿರುಕು ಬಿಡ್ತದೆ. ಯಾರೂ ಬಟ್ಟೆಯಿಂದ ತಿಕ್ಕಬೇಡಿ. ಇದಕ್ಕೆ ಕೈಯೇ ಬೇಕು. ಬರಿ ಕೈ. ನನ್ನ ಕೈ ನೋಡಿ, ಅರದ ಹಾಗಿದೆ."

ಮೊಮ್ಮಗಳು ಕೈ ಚಾಚಿದಳು, ಬೆರಳು ನಡುಗುತ್ತಿದ್ದವು. ನಾನು ಸ್ಟೂಲು ಹತ್ತಿದೆ.

"ಬಳೆ ತೆಗೀರಿ," ಅಂದರು ಮೇಸ್ತ್ರಿ.

"ನಮ್ಮವ್ರು ಮನೇಲಿ ಗಟ್ಟಿಯಾಗಿದ್ದಾರೆ. ಬಳೆ ತೆಗೆಯೂದಿಲ್ಲ."

ಹಬ್ಬದ ದಿನ ನಗು ತಡೆಯಲು ಅವರಿಗೂ ಆಗಲಿಲ್ಲ. ಉಂಗುರ ಬಿಚ್ಚಿಸಿದರು. ಬಳೆಗಳನ್ನು ಮೇಲಕ್ಕೆ ಸರಿಸಿ, ಒದ್ದೆ ಬಟ್ಟೆ ಸುತ್ತಿ ಬಿಗಿಯಾಗಿ ಕಟ್ಟಿದರು.

ಮೊದಲು ಬರಿ ನೀರು. ಮೊಮ್ಮಗಳು ಮೇಲಿಂದ ಚೊಂಬಿನಲ್ಲಿ ಧಾರೆಯಾಗಿ ಬಿಟ್ಟಳು, ಕುಂಕುಮ ಕೆಂಪಾಗಿ ಇಳಿಯಿತು, ಅಕ್ಷತೆ ಉದುರಿತು. ಗಂಧ ಕದಲಲಿಲ್ಲ. ಅದರ ಮೇಲೆ ನೆನೆಸಿದ ಬಟ್ಟೆಯನ್ನು ಒತ್ತದೆ ಹೊದೆಸಿ, ಕೊಡೆ ಹಿಡಿದು ನೆರಳು ಮಾಡಿ ಕಾದೆವು. ನೀರು ಸಾಲದೆ ಮೇಸ್ತ್ರಿಯ ಮೊಬೈಲಿನಿಂದ ಮನೆಗೆ ಫೋನು ಹೋಯಿತು. ನಮ್ಮವರು ಇನ್ನೆರಡು ಕ್ಯಾನ್ ತಂದು ಇಳಿಸಿ, ಸ್ಟೂಲಿನ ಮೇಲಿದ್ದ ನನ್ನನ್ನು ನೋಡಿದರು.

"ಪೂಜೆ ಜೋರಾಯ್ತಲ್ಲಾ ಮಾರಾಯ್ತಿ. ಅಭಿಷೇಕವೂ ಉಂಟಾ?"

"ಸುಮ್ನೆ ಕೊಡೆ ಹಿಡೀರಿ."

ಗಂಧ ನೆನೆದ ಮೇಲೆ ನೀರಿನ ಧಾರೆಯ ಕೆಳಗೆ ಬೆರಳ ತುದಿ ಇಟ್ಟೆ. ತಿಕ್ಕಲಿಲ್ಲ. ಜನ್ಮವಿಡೀ ಅಕ್ಕಿಯಲ್ಲಿ ಕಲ್ಲು ಆರಿಸಿದ ಬೆರಳು, ಕಣ್ಣಿಗೆ ಕಾಣದ್ದು ಅದಕ್ಕೆ ತಾಗುತ್ತದೆ. ಒಂದು ಹರಳು ಸಿಕ್ಕಿತು ಅಂದರೆ ಅಲ್ಲಿಯೇ ನಿಲ್ಲುವುದು. ಅದನ್ನು ಉಜ್ಜದೆ ನೀರಿಗೇ ಎತ್ತಿಕೊಡುವುದು. ಕೂಸಿನ ನೆತ್ತಿ ತೊಳೆದಂತೆ ಕೈ ಇಳಿಸಿದೆ, ಮೇಲಿಂದ ಕೆಳಗೆ ನೆಟ್ಟಗೆ. ಸುತ್ತ ತಿರುಗಿಸಬೇಡಿ ಅಂದಿದ್ದರು ಮೇಸ್ತ್ರಿ. ನೆಟ್ಟಗಿನ ಗೀರು ಒಂದು ಬದಿಯಿಂದ ಕಂಡರೆ, ಸುತ್ತಿನ ಗೀರು ಎಲ್ಲ ಬದಿಯಿಂದಲೂ ಹೊಳೆಯುತ್ತದಂತೆ. ಆಮೇಲೆ ಸೌಮ್ಯ ಸೋಪಿನ ನೀರು, ಮತ್ತೆ ಬಾವಿ ನೀರು. ಮೆತ್ತನೆ ಬಟ್ಟೆಯನ್ನು ಒತ್ತಿ ಒತ್ತಿ ನೀರು ಹೀರಿಸಿದೆವು. ಕೊನೆಗೆ ಮೇಸ್ತ್ರಿ ಡಬ್ಬಿಯಿಂದ ಚೂರೇ ಚೂರು ಮೇಣ ಕೊಟ್ಟರು. ಅದನ್ನು ಮಾತ್ರ ಮೊಮ್ಮಗಳೇ ಹಚ್ಚಿದಳು. ಆಗ ಅವಳ ಕೈ ನಡುಗಲಿಲ್ಲ.

ಗೀರು ಬಿದ್ದಿದೆಯೋ ಇಲ್ಲವೋ ಹಗಲಿನಲ್ಲಿ ಹೇಳಲಾಗುವುದಿಲ್ಲ ಅಂದರು ಮೇಸ್ತ್ರಿ. ಸಂಜೆ ಸೂರ್ಯನೇ ಹೇಳಬೇಕು. ಮಧ್ಯಾಹ್ನ ಹಬ್ಬದ ಪಾಯಸ ಡಬ್ಬಿಯಲ್ಲಿ ಬಂತು, ಯಾರೂ ಮುಟ್ಟಲಿಲ್ಲ.

ಯಜಮಾನರು ಬಂದರು. ವಿಮಾನದ ಮೂತಿಯನ್ನು ಸಮುದ್ರದ ಕಡೆಗೆ ತಿರುಗಿಸಿ ಒಳಗೆ ಕೂತರು. ಸೂರ್ಯ ನೇರ ಅವರ ಮುಖಕ್ಕೆ. ತಲೆ ಆಚೆ ವಾಲಿಸಿದರು, ಈಚೆ ವಾಲಿಸಿದರು. ನಾನು ನಮ್ಮವರ ತೋಳು ಹಿಡಿದುಕೊಂಡಿದ್ದೆ. ಯಜಮಾನರು ಚೌಕಟ್ಟಿನ ಮೂಲೆಗೆ ಬೆರಳು ತೋರಿಸಿ ಕೇಳಿದರು:

"ಇಲ್ಲಿ ಕೆಂಪು ಉಳಿದಿದೆ. ಎಂತದಿದು?"

"ಕುಂಕುಮ ಸಾರ್," ಅಂದಳು ಮೊಮ್ಮಗಳು. "ಗಂಧವೂ ಇತ್ತು, ಗಾಜಿಗೆ ಹಚ್ಚಿ ಒಣಗಿತ್ತು. ತೆಗೆದೆವು."

ಯಾರು ಹಚ್ಚಿದ್ದು ಅಂತ ಅವಳು ಹೇಳಲಿಲ್ಲ. ನಾನೇ ಮುಂದೆ ಹೋದೆ. "ನಾನು ಇಟ್ಟದ್ದು. ಅವಳದ್ದು ತಪ್ಪಿಲ್ಲ. ಬೈಯೂದಾದ್ರೆ ನನಗೆ ಬೈಯಿರಿ."

ಅವರು ಮತ್ತೊಮ್ಮೆ ಸೂರ್ಯನಿಗೆ ಎದುರಾಗಿ ನೋಡಿದರು. "ಬೈಯೂಕೆ ಗೀರು ಬೇಕಲ್ಲ ಅಮ್ಮಾ. ಒಂದೂ ಕಾಣೂದಿಲ್ಲ." ಆಮೇಲೆ ಅವಳಿಗೆ ಹೇಳಿದರು, "ಒಣಗಿದ ಗಂಧ ತೆಗೆದವಳಿಗೆ ಉಪ್ಪು, ಮರಳು ಎಂತಾ ಲೆಕ್ಕ. ನಾಳೆಯಿಂದ ನೀನು ಖಾಯಂ."

ನಮ್ಮವರು ಅಲ್ಲಿಯೇ ಪಾಯಸದ ಡಬ್ಬಿ ತೆರೆದರು. ಯಜಮಾನರಿಗೆ ಮೊದಲ ಲೋಟ. ಮೇಸ್ತ್ರಿಗೆ ಎರಡು.

ಮರುದಿನ ಬೆಳಿಗ್ಗೆ ನನ್ನನ್ನು ಹಾರಿಸಿಕೊಂಡು ಹೋದರು. ನಾನು ಕೇಳಿದ್ದಲ್ಲ. ಮೇಸ್ತ್ರಿಯಿಂದ ಎಲ್ಲ ಕೇಳಿ, ತೊಳೆದವರು ಒಳಗಿಂದಲೂ ಒಮ್ಮೆ ನೋಡಲಿ ಅಂತ ಯಜಮಾನರೇ ಕರೆದರು. ಈ ಸಲ ಕುಂಕುಮವನ್ನು ಚಕ್ರಕ್ಕೆ ಇಟ್ಟು ಹತ್ತಿದೆ. ಕೆಳಗೆ ಮೊಮ್ಮಗಳು ಹೊದಿಕೆಯ ಸೀರೆಯನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು, ನೆಲದ ಮರಳು ತಾಗಬಾರದು ಅಂತ. ಕಾರವಾರ ದಾಟಿತು. ಕಾಳಿ ನದಿ ಸಮುದ್ರಕ್ಕೆ ಸೇರುವಲ್ಲಿ ಸದಾಶಿವಗಡದ ಗುಡ್ಡ, ಚಿತ್ತಾಕುಲದ ತೆಂಗು, ನದಿಯ ಮೇಲಕ್ಕೆ ನನ್ನ ತವರು ಹಣಕೋಣ. ಎದುರಿನ ಗಾಜು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ, ಅಷ್ಟು ತಿಳಿ.

"ಅಗೋ ನಮ್ಮ ಅಪ್ಪನ ಮನೆ," ಅಂತ ಬೆರಳು ಚಾಚಿದೆ. ಗಾಜಿಗೆ ಇನ್ನೂ ಒಂದು ಗೇಣಿತ್ತು. ಥಟ್ಟನೆ ಕೈ ಹಿಂದಕ್ಕೆ ತಂದು ಮಡಿಲಲ್ಲಿ ಇಟ್ಟುಕೊಂಡೆ. ಮೂಗಿನಿಂದ ತೋರಿಸಿದೆ.