ಅಣ್ಣನ ಟೊಮೆಟೊ ಗೊಜ್ಜು

ನನ್ನ ಅಣ್ಣ ಕಾಮಸಮುದ್ರದ ಹತ್ತಿರ ಟೊಮೆಟೊ ಬೆಳೆಯುತ್ತಾನೆ. ಬೆಳೆಯುತ್ತಾನೆ ಅನ್ನುವುದು ರೂಢಿಯ ಮಾತು. ಈಗ ತೋಟವೆಲ್ಲ ಅತ್ತಿಗೆಯ ತಲೆಯ ಮೇಲೆ. ಮೂತ್ರ ಕಟ್ಟಿಕೊಂಡು ಒದ್ದಾಡುವಾಗಲೂ ಅವನು ಮನೆಯಲ್ಲಿ ಬಾಯಿ ಬಿಟ್ಟವನಲ್ಲ. ಕೊನೆಗೆ ನಾನೇ ಬಂಗಾರಪೇಟೆಯಲ್ಲಿ ರೈಲು ಹತ್ತಿಸಿ ಬೆಂಗಳೂರಿನ ಆಸ್ಪತ್ರೆಗೆ ಎಳೆದುಕೊಂಡು ಹೋದೆ. ನಾನಿರುವುದು ನಂದಿದುರ್ಗ ಅನ್ನುವ ಹಳೇ ಚಿನ್ನದ ಗಣಿಯ ಕೂಲಿ ಲೈನಿನ ಮನೆಯಲ್ಲಿ. ಗಂಡ ತೀರಿಕೊಂಡಿದ್ದಾರೆ, ಎರಡು ಹಸು ಇವೆ, ಬಾಯಿ ಮಾತ್ರ ಜೋರು.

ಪ್ರಾಸ್ಟೇಟ್ ಕ್ಯಾನ್ಸರ್ ಅಂದರು. ಮೂಳೆಗೆ ಹೋಗಿಲ್ಲ, ಮೂರು ತಿಂಗಳಿಗೊಂದು ಇಂಜೆಕ್ಷನ್ ಶುರು ಮಾಡೋಣ, ಆಮೇಲೆ ರೇಡಿಯೇಷನ್ ಕೊಡೋಣ ಅಂದರು. ಯೋಚಿಸಿ ಹೇಳುತ್ತೇನೆ ಅಂದ ಅಣ್ಣ. ಯೋಚಿಸುವುದಕ್ಕೆ ಅಲ್ಲಿ ಏನಿತ್ತೋ ನನಗೆ ತಿಳಿಯಲಿಲ್ಲ.

ಅದೇ ವಾರ ಟೊಮೆಟೊ ಮಂಡಿಯವನೊಬ್ಬ ಅವನ ಫೋನಿಗೆ ವಿಡಿಯೊ ಕಳಿಸಿದ. ಟೊಮೆಟೊ ಕೆಂಪಗಿರುವುದೇ ಲೈಕೋಪೀನ್ ಅನ್ನುವ ವಸ್ತುವಿನಿಂದ, ಅದು ಈ ಕ್ಯಾನ್ಸರ್ ಕಣಗಳ ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ಎಣ್ಣೆಯಲ್ಲಿ ಬೇಯಿಸಿದರೆ ಮೈಗೆ ಚೆನ್ನಾಗಿ ಹತ್ತುತ್ತದೆ ಅಂತ. ಅಲ್ಲಿಗೆ ಮುಗಿಯಿತು, ಇಂಜೆಕ್ಷನ್ ಬೇಡವೇ ಬೇಡ ಅಂದ. ದೂರದ ಮಾರ್ಕೆಟ್ಟಿಗೆ ದೋರೆಗಾಯಿ ಕಿತ್ತು ಕಳಿಸಿ, ಗಿಡದಲ್ಲೇ ಹಣ್ಣಾದದ್ದನ್ನು ಹಸುಗಳಿಗೆ ಸುರಿಯುವವರು ನಾವು. ಆ ಹಣ್ಣೆಲ್ಲ ಅಡುಗೆಮನೆಗೆ ಬಂತು. ಮೂರು ಹೊತ್ತೂ ಗೊಜ್ಜು.

ಡಾಕ್ಟರಿಗೆ ಫೋನು ಮಾಡಿ ಕೇಳಿದೆ. ಪಾಪ, ಬೈಯಲಿಲ್ಲ. "ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕಣಗಳು ನಿಧಾನ ಆಗಿದ್ದು ನಿಜ ಅಮ್ಮ. ಆದರೆ ತಟ್ಟೆ ಬೇರೆ, ಮನುಷ್ಯ ಬೇರೆ. ಊಟಕ್ಕೆ ತಿನ್ನಲಿ, ಇಂಜೆಕ್ಷನ್ ಬದಲು ಬೇಡ," ಅಂದರು.

ಅದನ್ನೇ ಹೇಳಿದರೆ ಅಣ್ಣ ನನಗೇ ಪಾಠ ಮಾಡಿದ.

"ತ್ವಾಟಕ್ಕೆ ಅಂಗಮಾರಿ ರೋಗ ಬಂದ್ರೆ ನಾವೇನು ಮಾಡ್ತೀವಿ? ವಾಸಿ ಮಾಡ್ತೀವಾ? ಕೊನೇ ಕೊಯ್ಲು ಮುಗಿಯೋಗಂಟ ತಡೀತೀವಿ, ಅಷ್ಟೇ. ನಂಗೂ ಅಷ್ಟೇ ಸಾಕು ಕಣಮ್ಮ."

"ಅಂಗಾದ್ರೆ ದಿನಾ ಟೊಮೆಟೊ ತಿನ್ನೋ ಈ ಸೀಮೇಲಿ ಯಾವ ಗಂಡಸಿಗೂ ಈ ರೋಗ ಬರಬಾರದಿತ್ತಲ್ಲ!" ಅಂದೆ. ನಕ್ಕುಬಿಟ್ಟ.

ಎಲೆಯ ಮೇಲಿನ ರೋಗ ಕಣ್ಣಿಗೆ ಕಾಣುತ್ತದೆ, ದಿನಾ ಬೆಳಿಗ್ಗೆ ಸಾಲಿನಲ್ಲಿ ನಡೆದು ನೋಡಬಹುದು. ಮೈಯೊಳಗಿನದನ್ನು ನೋಡುವುದು ಹೇಗೆ? ಹೋದಾಗಲೆಲ್ಲ ಜಗಳ ಆಡಿದೆ, ಮಾತು ಬಿಟ್ಟೆ, ಮತ್ತೆ ನಾನೇ ಹೋಗಿ ಮಾತಾಡಿಸಿದೆ. ಮಂಡಿಯವನಿಗೆ ಹಿಡಿಶಾಪ ಹಾಕಿದೆ. ಅಣ್ಣ ಜಪ್ಪಯ್ಯ ಅಂದರೂ ಬಗ್ಗಲಿಲ್ಲ. ಅತ್ತಿಗೆ ದಿನಾ ಗೊಜ್ಜು ಕುದಿಸಿದಳು. ವರ್ಷ ಕಳೆಯುವುದರೊಳಗೆ ಬೆನ್ನು ನೋವು ಶುರುವಾಯಿತು. ಒಂದು ಬೆಳಿಗ್ಗೆ ತೋಟದಲ್ಲಿ ಕ್ರೇಟು ಎತ್ತಲು ಬಗ್ಗಿದವನಿಗೆ ಕಾಲು ಸ್ವಾಧೀನ ತಪ್ಪಿತು. ರೋಗ ಬೆನ್ನುಮೂಳೆಗೆ ಇಳಿದಿದೆ, ಇನ್ನು ನಡೆಯುವುದು ಕಷ್ಟ ಅಂದರು.

ಆಸ್ಪತ್ರೆಯ ಮಂಚದ ಪಕ್ಕ ಕೂತು ನಾನು ಮತ್ತೆ ಶುರು ಮಾಡಿದೆ. ಹಾಳು ವಿಡಿಯೊ, ಹಾಳು ಟೊಮೆಟೊ. ಅವನು ಗೋಡೆಯ ಕಡೆ ತಿರುಗಿದ.

"ಅದನ್ನ ಬೈಬೇಡ. ನಾನೇನು ಅದನ್ನ ನಂಬಿರಲಿಲ್ಲ."

"ಮತ್ತೆ?"

"ಅವತ್ತು ಮೊದಲ್ನೇ ಸಲ ನೀನು ದುಡ್ಡು ಕಟ್ಟಕ್ಕೆ ಓಗಿದ್ದಾಗ ಡಾಕ್ಟ್ರು ಏಳಿದ್ರು. ಆ ಸೂಜಿ ಆಕಿದ್ರೆ ಗಂಡಸ್ತನ ಓಗ್ತದಂತೆ. ಎದೆ ಎಂಗಸ್ರಂಗೆ ಊದ್ತದಂತೆ. ನಿಮ್ಮತ್ತಿಗೆಗೆ ಎಂಗೆ ಮೊಕ ತೋರ್ಸೋದು ಅಂತ..."

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಅಂತ ಈಗಲೂ ಗೊತ್ತಿಲ್ಲ. ವರ್ಷವಿಡೀ ನಾನು ಜಗಳ ಆಡಿದ್ದು ಒಂದು ಕಾಯಿಪಲ್ಯದ ಜೊತೆ. ಅವನು ಮಾತ್ರ ಇಷ್ಟು ದೊಡ್ಡ ಭಯ ಇಟ್ಟುಕೊಂಡು ಒಬ್ಬನೇ ಕೂತಿದ್ದ.

ಅತ್ತಿಗೆ ಫ್ಲಾಸ್ಕ್ ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ನಾಲ್ಕು ಜನರ ಮುಂದೆ ಎಂದೂ ಅವನ ಪಕ್ಕ ಕೂರದವಳು ಬಂದು ಮಂಚದ ಮೇಲೆ ಕೂತಳು, ಅವನ ಕೈ ತೆಗೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು.

"ನನ್ನ ಒಂದು ಮಾತು ಕೇಳ್ಬಾರದಿತ್ತಾ?" ಅಂದಳು. "ನೀನು ಎಂಗಿದ್ರೂ ನಂಗೆ ಸಾಕಾಗಿತ್ತು."