ನಾಲ್ದೋನ ನೀಲಿ ಕಾಲು

ಮೊಂತೆರೀವೊ ಊರಿನ ಬಟ್ಟೆ ಬಣ್ಣಗಾರ ನಾಲ್ದೊ ಬುದ್ಧಿ ಬಂದಾಗಿನಿಂದ ತುಳಿದದ್ದು ನೀಲಿಸೊಪ್ಪಿನ ತೊಟ್ಟಿಯನ್ನೇ. ಮೊಣಕಾಲಿನಿಂದ ಕೆಳಗೆ ಅವನು ಮನುಷ್ಯನೋ ಮುಸ್ಸಂಜೆಯ ಆಕಾಶವೋ ಹೇಳುವುದು ಕಷ್ಟ. ಅವನು ಹೊಳೆ ದಾಟಿದ ವಾರವೆಲ್ಲ ಕೆಳಗಿನ ಊರಿನ ಬಾತುಗಳು ನೀಲಿ ಮೊಟ್ಟೆ ಇಡುತ್ತಿದ್ದವು. ತಿಂದವರು ಇನ್ನೂ ಬದುಕಿದ್ದಾರೆ, ಬೇಕಾದರೆ ಕೇಳಿ.

ಅವನಿಗಿದ್ದದ್ದು ಒಂದೇ ಆಸೆ. ಪವಿತ್ರ ಗುರುವಾರದಂದು, ಪ್ರಭು ತನ್ನ ಹನ್ನೆರಡು ಶಿಷ್ಯರ ಕಾಲು ತೊಳೆದ ನೆನಪಿಗೆ, ಬಿಷಪ್ಪರು ಹನ್ನೆರಡು ಮಂದಿ ಬಡ ಮುದುಕರನ್ನು ಬೆಂಚಿನ ಮೇಲೆ ಕೂರಿಸಿ, ಕಾಲು ತೊಳೆದು ಮುತ್ತಿಡುತ್ತಿದ್ದರು. ಆ ಬೆಂಚಿನಲ್ಲಿ ಒಮ್ಮೆ ಕೂರಬೇಕು. ಆದರೆ ಮುದುಕರನ್ನು ಆರಿಸುವವನು ಇಗರ್ಜಿಯ ಪಾರುಪತ್ಯಗಾರ ಲಾಪೊ. ವರ್ಷವೂ ಅವನು ಮೂಗು ಮುರಿಯುತ್ತಿದ್ದ. "ಲೋ ನಾಲ್ದೊ, ಅದು ಕಾಲಲ್ಲ ಕಣೋ, ಕಾಯಿಲೆ!"

ಆ ವರ್ಷ ಹನ್ನೆರಡನೆಯವನು ಬೆಳಗ್ಗೆಯೇ ಹಾಸಿಗೆ ಹಿಡಿದ. ಈ ಆಚರಣೆಯನ್ನು ಗೋಡೆಯ ಮೇಲೆ ಬರೆಯಲು ಮೆಯೊ ಎಂಬ ಚಿತ್ರಗಾರ ಬೇರೆ ಇದ್ದಿಲು ಹಿಡಿದು ಬಂದು ಕೂತಿದ್ದ. ಗೋಡೆಯ ಮೇಲೆ ಹನ್ನೊಂದೇ ಮಂದಿ ಕೂತರೆ ಪ್ರಳಯದವರೆಗೂ ನಗೆಪಾಟಲು. ಲಾಪೊ ನಾಲ್ದೋನ ಮನೆಗೆ ಓಡಿಬಂದ.

"ಬಾ ಮಾರಾಯ. ಕಾಲು ಬೆಳ್ಳಗೆ ಮಾಡ್ಕೊಂಡು ಬಾ, ಅಷ್ಟೆ."

ಹೆಂಡತಿ ತೆಸ್ಸಾ ಬೂದಿನೀರು, ಮರಳು, ಹುಳಿತ ದ್ರಾಕ್ಷಾರಸ ಎಲ್ಲ ಹಾಕಿ ತಿಕ್ಕಿದಳು. ಇಗರ್ಜಿಯ ಗಂಟೆಯಾಗಿದ್ದರೆ ಸವೆದು ಉಂಗುರವಾಗುತ್ತಿತ್ತು. ಕಾಲು ಮಾತ್ರ ಇನ್ನಷ್ಟು ಹೊಳೆಯಿತು. "ಕತ್ತೆನ ತಿಕ್ಕಿದ್ರೂ ಇಷ್ಟೊತ್ತಿಗೆ ಕುದುರೆ ಆಗ್ತಿತ್ತು," ಎಂದು ಗೊಣಗುತ್ತ ಕೊನೆಗೆ ಗೋಧಿಹಿಟ್ಟು ಕಲಸಿ ದಪ್ಪಗೆ ಬಳಿದಳು.

ಬಿಷಪ್ಪರು ಮಂಡಿಯೂರಿ ನೀರು ಹೊಯ್ದರು. ಹಿಟ್ಟು ಗಂಜಿಯಾಗಿ ಹರಿಯಿತು. ಅಡಿಯಿಂದ ನೀಲಿ ಇಣುಕಿತು. ಲಾಪೊ ಕಂಬ ಹಿಡಿದುಕೊಂಡ.

"ಅಯ್ಯೋ ಪಾಪ, ಚಳೀಗೆ ಮರಗಟ್ಟಿದೆಯಲ್ಲೋ!" ಎಂದರು ಮಂಜುಗಣ್ಣಿನ ಬಿಷಪ್ಪರು. ಎರಡೂ ಅಂಗೈಗಳಿಂದ ಗಸಗಸ ಉಜ್ಜತೊಡಗಿದರು.

ಬಾಯಿ ಮುಚ್ಚಿಕೊಂಡಿದ್ದರೆ ಮುತ್ತು ಖಂಡಿತ. ಬಾಯಿ ಬಿಟ್ಟರೆ ಬೆಂಚಿನಿಂದ ಎಬ್ಬಿಸಿಯಾರು. ಆದರೆ ಆ ಮುದಿಜೀವ ಏದುಸಿರು ಬಿಡುತ್ತ ಉಜ್ಜುವುದನ್ನು ನಾಲ್ದೋಗೆ ನೋಡಲಾಗಲಿಲ್ಲ.

"ಸಾಕು ಸ್ವಾಮೇರೆ. ಇದು ಚಳಿ ಅಲ್ಲ, ಬಣ್ಣ. ಹಿಟ್ಟು ಬಳ್ಕೊಂಡು ಮೋಸ ಮಾಡ್ದೆ."

ಇಗರ್ಜಿಯೊಳಗಿನ ನೊಣಗಳೂ ಹಾರುವುದನ್ನು ನಿಲ್ಲಿಸಿದವು. ಬಿಷಪ್ಪರು ಬೆನ್ನು ನೆಟ್ಟಗೆ ಮಾಡಿ ಉಸಿರೆಳೆದುಕೊಂಡರು.

"ಇಷ್ಟು ವರ್ಷ ಈ ಲಾಪೊ ಮನೇಲೇ ತೊಳೆಸಿದ ಕಾಲು ತಂದು ನನ್ನ ಮುಂದೆ ಇಡ್ತಿದ್ದ. ಮೋಸ ಅಂದ್ರೆ ಅದು ಕಣಪ್ಪ. ಇವತ್ತು ಒಂದಿಷ್ಟು ಕೆಲಸ ಮಾಡಿದ ಹಾಗಾಯ್ತು."

ಬಾಗಿ, ಆ ನೀಲಿ ಪಾದಕ್ಕೆ ಒತ್ತಿ ಮುತ್ತಿಟ್ಟರು. ಎದ್ದಾಗ ಮೂಗಿನ ತುದಿಯಲ್ಲಿ ಹಿಟ್ಟು.

ಚಿತ್ರಕ್ಕೆ ಬಣ್ಣ ತುಂಬುವಾಗ ಲಾಪೊ ಮತ್ತೆ ಅಡ್ಡ ಬಂದ. "ಆ ಕಾಲಿಗೆ ಮೈಬಣ್ಣ ಹಾಕಯ್ಯ. ನೀಲಿ ಏನಿದ್ರೂ ದೇವಮಾತೆ ಮರಿಯಮ್ಮನ ಸೆರಗಿಗೆ."

"ಅದು ಕಡಲಾಚೆಯಿಂದ ಬರೋ ದುಬಾರಿ ಕಲ್ಲಿನ ನೀಲಿ," ಎಂದ ಮೆಯೊ, ಕುಂಚ ಒರೆಸುತ್ತ. "ಇದಕ್ಕೆ ಇವನ ತೊಟ್ಟಿಯ ನೊರೆ ಸಾಕು."

ಒಂದು ಕುಡಿಕೆ ಕೇಳಿದರೆ ನಾಲ್ದೊ ತಂದದ್ದು ಹಂಡೆ.

ಚಿತ್ರ ಮುಗಿದ ದಿನ ತೆಸ್ಸಾ ಗಂಡನ ಜೊತೆ ಬಂದು ಸೊಂಟಕ್ಕೆ ಕೈಯಿಟ್ಟು ಬಹಳ ಹೊತ್ತು ದಿಟ್ಟಿಸಿದಳು.

"ಮುಖ ನಿಂದಲ್ಲ ಬಿಡು, ಲಕ್ಷಣವಾಗಿದೆ," ಎಂದಳು. "ಕಾಲು ಮಾತ್ರ ಸುಳ್ಳಿಲ್ಲ."